ಕಣ್ಣು ಕೊಟ್ಟ ಅಣ್ಣ: ಡಾ. ಎಂ.ಸಿ. ಮೋದಿ

ಹಳೆಯ ವಿದ್ಯಾರ್ಥಿ, ಬಿ.ಇ., ಸಾಫ್ಟ್‌ವೇರ್ ಇಂಜಿನಿಯರ್, ಬೆಂಗಳೂರು

ಸುವರ್ಣ ಮಹೋತ್ಸವದ ಸಂಚಿಕೆಗೆ ನಾಡಿಗೆ ಉಪಕಾರ ಮಾಡಿದ ಹಿರಿಯರೊಬ್ಬರ ಬಗ್ಗೆ ಬರೆದುಕೊಡು ಎಂದು ಗುರುಗಳು ಹೇಳಿದಾಗ ನನಗೆ ಮೊದಲು ಹೊಳೆದ ಹೆಸರು ಡಾ. ಎಂ.ಸಿ. ಮೋದಿ ಅವರದು. ಹಡಗಲಿ ತಾಲ್ಲೂಕಿನ ಹಳಬರಿಗೆ ಅವರ ಪರಿಚಯ ಮಾಡಿಕೊಡಬೇಕಾಗಿಲ್ಲ. ನಮ್ಮ ಅಜ್ಜನ ವಾರಿಗೆಯವರು ಯಾವ ಊರಿನಲ್ಲಿ, ಯಾವ ವೈದ್ಯರ ಕೈಯಲ್ಲಿ ಪೊರೆ ತೆಗೆಸಿಕೊಂಡಿದ್ದರೂ ಮೋದಿ ಆಪರೇಷನ್ ಆಗಿದೆ ಎಂದೇ ಹೇಳುತ್ತಿದ್ದರು. ಆದರೆ ಇವತ್ತು ಎಂಟನೇ ತರಗತಿಯಲ್ಲಿ ಕುಳಿತಿರುವ ಮಕ್ಕಳಿಗೆ ಈ ಹೆಸರು ಹೊಸದು. ಆ ಮಕ್ಕಳು ಓದಲಿ, ಓದಿ ಮನೆಯಲ್ಲಿರುವ ಅಜ್ಜ ಅಜ್ಜಿಯರಿಗೆ ಹೇಳಲಿ ಎಂಬ ಆಸೆಯಿಂದ ಇದನ್ನು ಬರೆದಿದ್ದೇನೆ.

ನಾನು ವೈದ್ಯನಲ್ಲ, ಕಂಪ್ಯೂಟರ್ ಕೆಲಸದವನು. ಲೆಕ್ಕ ನೋಡುವುದು ನನ್ನ ಅಭ್ಯಾಸ. ಮೋದಿಯವರ ವಿಷಯದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದೂ ಒಂದು ಲೆಕ್ಕವೇ. ತಿರುಪತಿಯ ಶಿಬಿರದಲ್ಲಿ ಅವರು ಒಂದೇ ದಿನ 833 ಪೊರೆ ಶಸ್ತ್ರಚಿಕಿತ್ಸೆ ಮಾಡಿದರು ಎಂಬುದು ಗಿನ್ನೆಸ್ ದಾಖಲೆ. ಊಟ, ನಿದ್ದೆ ಬಿಟ್ಟು 24 ಗಂಟೆಯೂ ಕೆಲಸ ಮಾಡಿದರು ಎಂದುಕೊಂಡರೂ ಒಂದು ಕಣ್ಣಿಗೆ ಸಿಗುವುದು ಸರಾಸರಿ 104 ಸೆಕೆಂಡು. ಎರಡು ನಿಮಿಷವೂ ಇಲ್ಲ. ಒಂದು ಧೂಳಿನ ಕಣ ಬಿದ್ದರೆ ಸಹಿಸದ ಅಂಗ ಕಣ್ಣು. ಅಂಥ ಕಣ್ಣಿಗೆ ಕತ್ತಿ ತಾಗುವಾಗ 833 ಜನ ಅಲುಗಾಡದೆ ಮಲಗಿದ್ದು ಹೇಗೆ? ಈ ಪ್ರಶ್ನೆಯನ್ನು ಬೆನ್ನುಹತ್ತಿದಾಗ ತಿಳಿದ ವಿಷಯಗಳನ್ನು ಅವರ ಜೀವನದ ಜೊತೆಗೇ ಹೇಳುತ್ತೇನೆ.

ಬೀಳಗಿಯಿಂದ ಹಳ್ಳಿಗಳ ಕಡೆಗೆ

ಮುರಿಗೆಪ್ಪ ಚನ್ನವೀರಪ್ಪ ಮೋದಿಯವರು ಹುಟ್ಟಿದ್ದು ಮೊದಲ ಮಹಾಯುದ್ಧ ನಡೆಯುತ್ತಿದ್ದ ವರ್ಷಗಳಲ್ಲಿ, ಅಂದಿನ ಬಿಜಾಪುರ ಜಿಲ್ಲೆಯ ಬೀಳಗಿಯಲ್ಲಿ. ಈಗ ಅದು ಬಾಗಲಕೋಟೆ ಜಿಲ್ಲೆಗೆ ಸೇರಿದೆ. ಆಗ ಕನ್ನಡನಾಡು ಹಂಚಿಹೋಗಿತ್ತು. ಬೀಳಗಿ ಮುಂಬೈ ಪ್ರಾಂತದಲ್ಲಿದ್ದರೆ ನಮ್ಮ ಹಡಗಲಿ ಬಳ್ಳಾರಿ ಜಿಲ್ಲೆಯೊಂದಿಗೆ ಮದ್ರಾಸ್ ಪ್ರಾಂತದಲ್ಲಿತ್ತು. ಆಡಳಿತ ಬೇರೆಯಾದರೂ ಬದುಕು ಒಂದೇ ಬಗೆಯದು. ಮಳೆ ನಂಬಿದ ಹೊಲ, ಬಿಸಿಲು, ಧೂಳು, ಒಲೆಯ ಹೊಗೆ. ಅರವತ್ತು ದಾಟಿದವರ ಕಣ್ಣು ಮಂಜಾಗುವುದು ಕೂದಲು ಬೆಳ್ಳಗಾದಷ್ಟೇ ಸಹಜ ಎಂದು ಜನ ಭಾವಿಸಿದ್ದ ಕಾಲ ಅದು.

ಮೋದಿಯವರು ಬೆಳಗಾವಿಯಲ್ಲಿ ವೈದ್ಯವಿದ್ಯೆ ಕಲಿತು, ಮುಂಬೈಯಲ್ಲಿ ಕಣ್ಣಿನ ಚಿಕಿತ್ಸೆಯ ತರಬೇತಿ ಪಡೆದರು. 1942ರ ಆಗಸ್ಟಿನಲ್ಲಿ ಮುಂಬೈಯಿಂದಲೇ ಭಾರತ ಬಿಟ್ಟು ತೊಲಗಿ ಚಳವಳಿಯ ಕರೆ ಹೊರಟಿತು. ಗಾಂಧೀಜಿಯವರ ಪ್ರಭಾವಕ್ಕೆ ಒಳಗಾದ ತರುಣ ವೈದ್ಯರಲ್ಲಿ ಮೋದಿಯವರೂ ಒಬ್ಬರು. ಪಟ್ಟಣದಲ್ಲಿ ದವಾಖಾನೆ ಇಟ್ಟು ಚೆನ್ನಾಗಿ ಸಂಪಾದಿಸುವ ದಾರಿ ಅವರ ಮುಂದೆ ತೆರೆದಿತ್ತು. ಅವರು ಅದನ್ನು ಬಿಟ್ಟು ಹಳ್ಳಿಯ ದಾರಿ ಹಿಡಿದರು. 1943ರಿಂದ ಉಚಿತ ಸಾಮೂಹಿಕ ನೇತ್ರಚಿಕಿತ್ಸೆಯ ಶಿಬಿರಗಳನ್ನು ನಡೆಸತೊಡಗಿದರು. ರೋಗಿ ಆಸ್ಪತ್ರೆಗೆ ಬರಲಾರ, ಆದ್ದರಿಂದ ಆಸ್ಪತ್ರೆಯೇ ರೋಗಿಯ ಊರಿಗೆ ಹೋಗಬೇಕು ಎಂಬುದು ಅವರ ಕೆಲಸದ ತಿರುಳು.

ಹಳ್ಳಿಯವರು ಆಸ್ಪತ್ರೆಗೆ ಹೋಗುತ್ತಿರಲಿಲ್ಲ ಎಂಬುದಕ್ಕೆ ಬಡತನ ಒಂದು ಕಾರಣ, ದೂರ ಇನ್ನೊಂದು. ಮೂರನೆಯ ಕಾರಣ ಭಯ. ಆ ಭಯಕ್ಕೆ ದೊಡ್ಡ ಚರಿತ್ರೆಯೇ ಇದೆ.

ನೋವಿನ ಚರಿತ್ರೆ

ನಾವು ಪೊರೆ ಎನ್ನುತ್ತೇವೆ, ಕೆಲವರು ಮೋತಿಬಿಂದು ಎನ್ನುತ್ತಾರೆ. ಕಣ್ಣಿನೊಳಗಿನ ಮಸೂರ ವಯಸ್ಸಾದಂತೆ ತಿಳಿ ಕಳೆದುಕೊಂಡು ಹಾಲು ಬೆರೆಸಿದ ನೀರಿನಂತೆ ಆಗುವುದೇ ಪೊರೆ. ಔಷಧಿ ಹಾಕಿ ಅದನ್ನು ಕರಗಿಸಲಾಗದು. ತೆಗೆಯಲೇಬೇಕು.

ಸುಶ್ರುತನ ಕಾಲದಿಂದಲೂ ನಮ್ಮ ದೇಶದಲ್ಲಿ ಒಂದು ವಿಧಾನ ನಡೆದು ಬಂದಿತ್ತು. ಚೂಪಾದ ಸಲಾಕೆಯನ್ನು ಕಣ್ಣಿಗೆ ಚುಚ್ಚಿ, ಮಂಜಾದ ಮಸೂರವನ್ನು ಕಣ್ಣಿನ ಒಳಕ್ಕೇ ತಳ್ಳಿಬಿಡುವುದು. ಆ ಕ್ಷಣಕ್ಕೆ ಬೆಳಕು ಕಾಣುತ್ತಿತ್ತು. ಆದರೆ ಊರೂರು ತಿರುಗುವವರ ಕೈಯಲ್ಲಿ ಇದು ನಡೆದಾಗ ಎಷ್ಟೋ ಕಣ್ಣುಗಳು ಕೀವು ತುಂಬಿ, ಒತ್ತಡ ಏರಿ ಪೂರ್ತಿ ಹಾಳಾಗುತ್ತಿದ್ದವು. ಮದ್ರಾಸಿನ ಸರ್ಕಾರಿ ಕಣ್ಣಾಸ್ಪತ್ರೆಯ ಮುಖ್ಯಸ್ಥರಾಗಿದ್ದ ಬ್ರಿಟಿಷ್ ವೈದ್ಯ ಎಲಿಯಟ್ ಹೀಗೆ ಕೆಟ್ಟ ಕಣ್ಣುಗಳನ್ನು ಅಭ್ಯಾಸ ಮಾಡಿ ಒಂದು ಪುಸ್ತಕವನ್ನೇ ಬರೆದರು. ಹಡಗಲಿ ಆಗ ಅದೇ ಪ್ರಾಂತದ್ದು. ನೋವು ತಿಂದೂ ಕಣ್ಣು ಕಳೆದುಕೊಂಡವರ ಕಥೆಗಳು ಇಂಥ ಕಡೆಯೆಲ್ಲ ಹಬ್ಬಿದ್ದರೆ ಅಚ್ಚರಿಯಿಲ್ಲ.

ಯುರೋಪಿನಲ್ಲಿ 1747ರಲ್ಲಿ ಫ್ರಾನ್ಸಿನ ಜಾಕ್ ದಾವಿಯೆಲ್ ಎಂಬ ವೈದ್ಯ ಮಸೂರವನ್ನು ಒಳಕ್ಕೆ ತಳ್ಳದೆ ಕಣ್ಣು ಕೊಯ್ದು ಹೊರಗೆ ತೆಗೆದರು. ಇದು ಸರಿಯಾದ ದಾರಿ. ಆದರೆ ನೋವು ಮರೆಸುವ ಮದ್ದು ಇರಲಿಲ್ಲ. ರೋಗಿಯ ತಲೆಯನ್ನು ಬೇರೆಯವರು ಬಿಗಿಯಾಗಿ ಹಿಡಿಯಬೇಕು, ಅವನು ಹಲ್ಲು ಕಚ್ಚಿ ಸಹಿಸಬೇಕು. ಸ್ವಲ್ಪ ಕಣ್ಣು ಹೊರಳಿಸಿದರೂ ಕೊಯ್ತ ಜಾಗ ತಪ್ಪುತ್ತಿತ್ತು.

1846ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ಈಥರ್ ಮೂಸಿಸಿ ನಿದ್ದೆ ಬರಿಸಿ ಶಸ್ತ್ರಚಿಕಿತ್ಸೆ ಮಾಡುವುದನ್ನು ಬಹಿರಂಗವಾಗಿ ತೋರಿಸಲಾಯಿತು. ಮರುವರ್ಷ ಕ್ಲೋರೋಫಾರ್ಮ್ ಬಂತು. ಕೈಕಾಲು, ಹೊಟ್ಟೆಯ ಶಸ್ತ್ರಚಿಕಿತ್ಸೆಗೆ ಇದು ವರವಾಯಿತು. ಕಣ್ಣಿಗೆ ಮಾತ್ರ ಒಗ್ಗಲಿಲ್ಲ. ಕಾರಣ ಸರಳ. ಈಥರಿನ ಅಮಲು ಇಳಿಯುವಾಗ ರೋಗಿ ವಾಂತಿ ಮಾಡಿಕೊಳ್ಳುತ್ತಾನೆ, ಓಕರಿಸುತ್ತಾನೆ, ಹೊರಳಾಡುತ್ತಾನೆ. ಆಗಿನ ಕಾಲದಲ್ಲಿ ಕಣ್ಣಿನ ಕೊಯ್ತಕ್ಕೆ ಹಾಕುವಂಥ ಸಣ್ಣ ಹೊಲಿಗೆ ಇರಲಿಲ್ಲ. ಒಂದು ಓಕರಿಕೆಗೆ ಗಾಯ ಬಾಯ್ದೆರೆದು ಕಣ್ಣಿನೊಳಗಿನ ಲೋಳೆ ಹೊರಕ್ಕೆ ಬಂದರೆ ಮುಗಿಯಿತು. ಹೀಗಾಗಿ ಉಳಿದ ದೇಹಕ್ಕೆಲ್ಲ ನೋವಿಲ್ಲದ ಕಾಲ ಬಂದ ಮೇಲೂ ಕಣ್ಣಿನ ರೋಗಿ ಸುಮಾರು ನಲವತ್ತು ವರ್ಷ ಎಚ್ಚರವಾಗಿದ್ದುಕೊಂಡೇ ನೋವು ತಿನ್ನಬೇಕಾಯಿತು.

ಈ ಗಂಟನ್ನು ಬಿಚ್ಚಿದವರು ವಿಯೆನ್ನಾದ ಬಡ ತರುಣ ವೈದ್ಯ ಕಾರ್ಲ್ ಕೊಲ್ಲರ್. ಆಗ ಅವರಿಗೆ 26 ವರ್ಷ. ಕಣ್ಣಿನ ವೈದ್ಯನಾಗಬೇಕೆಂಬ ಹಂಬಲ. ಕಣ್ಣನ್ನು ಮಾತ್ರ ಜೋಮುಗಟ್ಟಿಸುವ ಮದ್ದು ಬೇಕೆಂದು ಹುಡುಕುತ್ತ ಕೆಲವು ವಸ್ತುಗಳನ್ನು ಪರೀಕ್ಷಿಸಿ ಸೋತಿದ್ದರು. ಅವರ ಗೆಳೆಯ, ಮುಂದೆ ಮನೋವಿಜ್ಞಾನದಲ್ಲಿ ಜಗತ್ಪ್ರಸಿದ್ಧರಾದ ಸಿಗ್ಮಂಡ್ ಫ್ರಾಯ್ಡ್, 1884ರಲ್ಲಿ ಕೊಕೇನ್ ಬಗ್ಗೆ ಸಂಶೋಧನೆ ನಡೆಸುತ್ತಿದ್ದರು. ಅದು ನಾಲಿಗೆಯನ್ನು ಜೋಮುಗಟ್ಟಿಸುತ್ತದೆ ಎಂಬುದು ಅನೇಕರಿಗೆ ಗೊತ್ತಿತ್ತು. ನಾಲಿಗೆಗೆ ಆದದ್ದು ಕಣ್ಣಿಗೂ ಆಗಬೇಕಲ್ಲವೇ ಎಂದು ಹೊಳೆದದ್ದು ಕೊಲ್ಲರ್ ಅವರಿಗೆ. ಪ್ರಯೋಗಾಲಯಕ್ಕೆ ಹೋಗಿ ಮೊದಲು ಕಪ್ಪೆಯ ಕಣ್ಣಿಗೆ, ನಂತರ ಮೊಲ, ನಾಯಿಯ ಕಣ್ಣಿಗೆ ಹನಿ ಹಾಕಿದರು. ಕೊನೆಗೆ ಅವರೂ ಅವರ ಜೊತೆಗಾರರೂ ತಮ್ಮ ಕಣ್ಣಿಗೇ ಹಾಕಿಕೊಂಡು ಗುಂಡುಸೂಜಿಯ ತಲೆಯಿಂದ ಕರಿಗುಡ್ಡೆ ಮುಟ್ಟಿ ನೋಡಿಕೊಂಡರು. ಏನೂ ತಿಳಿಯಲಿಲ್ಲ. 1884ರ ಸೆಪ್ಟೆಂಬರ್ 15ರಂದು ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ನಡೆದ ಕಣ್ಣಿನ ವೈದ್ಯರ ಸಭೆಯಲ್ಲಿ ಈ ಸುದ್ದಿ ಹೊರಬಿತ್ತು. ಅಲ್ಲಿಗೆ ಹೋಗಲು ಕೊಲ್ಲರ್ ಬಳಿ ಹಣವಿರಲಿಲ್ಲ, ಅವರ ಬರಹವನ್ನು ಇನ್ನೊಬ್ಬ ವೈದ್ಯರು ಓದಿದರು. ಯಹೂದಿ ಎಂಬ ಕಾರಣಕ್ಕೆ ಅವಮಾನ ಉಂಡ ಅವರು ಬಯಸಿದ ಕೆಲಸ ಸಿಗದೆ ವಿಯೆನ್ನಾ ತೊರೆದು, ಕೊನೆಗೆ ನ್ಯೂಯಾರ್ಕಿನಲ್ಲಿ ಕಣ್ಣಿನ ವೈದ್ಯರಾಗಿ ನೆಲೆಸಿ 1944ರಲ್ಲಿ ತೀರಿಕೊಂಡರು.

ಕೊಕೇನ್‌ಗೆ ದೋಷಗಳಿದ್ದವು. ಚಟ ಹಿಡಿಸುತ್ತಿತ್ತು, ಹೆಚ್ಚಾದರೆ ವಿಷವಾಗುತ್ತಿತ್ತು, ಕರಿಗುಡ್ಡೆಯ ಮೇಲ್ಪದರವನ್ನು ಕೆಡಿಸುತ್ತಿತ್ತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಪ್ರೊಕೇನ್ ಎಂಬ ಸೌಮ್ಯವಾದ ಮದ್ದು ಬಂತು. 1943ರಲ್ಲಿ ಸ್ವೀಡನ್ನಿನ ನಿಲ್ಸ್ ಲೋಫ್‌ಗ್ರೆನ್ ಲಿಗ್ನೊಕೇನ್ ತಯಾರಿಸಿದರು. ಇಂದಿಗೂ ಹಲ್ಲು ಕೀಳುವಾಗ, ಗಾಯಕ್ಕೆ ಹೊಲಿಗೆ ಹಾಕುವಾಗ ನಮಗೆ ಚುಚ್ಚುವ ಮದ್ದು ಹೆಚ್ಚಾಗಿ ಇದೇ. ಮೋದಿಯವರ ಶಿಬಿರಗಳು ಶುರುವಾದದ್ದೂ ಅದೇ 1943ರಲ್ಲಿ ಎಂಬುದು ಕಾಕತಾಳೀಯ.

ಶಾಲೆಯೇ ಆಸ್ಪತ್ರೆ

ನೋವು ತಿಳಿಯದಂತೆ ಮಾಡುವ ದಾರಿಗಳು ಎರಡು. ಒಂದು, ಪೂರ್ಣ ಅರಿವಳಿಕೆ, ಅಂದರೆ ಇಡೀ ಮನುಷ್ಯನನ್ನು ನಿದ್ದೆಗೆ ತಳ್ಳುವುದು. ಇನ್ನೊಂದು, ಸ್ಥಳೀಯ ಅರಿವಳಿಕೆ, ಅಂದರೆ ಕಣ್ಣಿನ ನರಗಳನ್ನು ಮಾತ್ರ ಜೋಮುಗಟ್ಟಿಸುವುದು. ಮೊದಲನೆಯದಕ್ಕೆ ಉಸಿರು ಕಾಯುವ ತಜ್ಞ ಬೇಕು, ಆಮ್ಲಜನಕ ಬೇಕು, ಯಂತ್ರ ಬೇಕು. ಒಬ್ಬ ರೋಗಿ ಎಚ್ಚರಗೊಳ್ಳುವ ತನಕ ಆ ತಜ್ಞ ಅವನ ತಲೆಯ ಬಳಿಯಿಂದ ಕದಲುವಂತಿಲ್ಲ. ಎರಡನೆಯದಕ್ಕೆ ಬೇಕಾದದ್ದು ಒಂದು ಸೀಸೆ ಮದ್ದು, ಶುದ್ಧಮಾಡಿದ ಸಿರಿಂಜು, ಸೂಜಿ ಮತ್ತು ಪಳಗಿದ ಕೈ.

ಹಳ್ಳಿಯ ಶಿಬಿರ ಸಾಧ್ಯವಾದದ್ದು ಈ ಎರಡನೆಯ ದಾರಿಯಿಂದ. ದೇಶದ ಉದ್ದಗಲಕ್ಕೂ ಕಣ್ಣಿನ ಶಿಬಿರಗಳು ನಡೆದದ್ದು ಶಾಲೆಗಳಲ್ಲಿ, ಛತ್ರಗಳಲ್ಲಿ, ಮಠಗಳ ಪಡಸಾಲೆಗಳಲ್ಲಿ. ರಜೆಯ ದಿನ ಬೆಂಚುಗಳನ್ನು ಹೊರಗಿಟ್ಟು, ಕೋಣೆ ತೊಳೆದು, ಸುಣ್ಣ ಬಳಿದು ಸಜ್ಜುಮಾಡಿದರೆ ತರಗತಿಯೇ ಶಸ್ತ್ರಚಿಕಿತ್ಸೆಯ ಕೋಣೆ. ಊರಿನವರು ಅಕ್ಕಿ, ಜೋಳ, ಹಾಲು ಕೂಡಿಸಿ ಅಡಿಗೆ ನಡೆಸುತ್ತಿದ್ದರು. ಶಾಲೆ ಎಂಬುದು ಮಕ್ಕಳಿಗೆ ಅಕ್ಷರ ಕಾಣಿಸುವುದರ ಜೊತೆಗೆ ಮುದುಕರಿಗೆ ಮೊಮ್ಮಕ್ಕಳ ಮುಖ ಕಾಣಿಸಿದ ಜಾಗವೂ ಹೌದು.

ಅಲ್ಲಿ ನಡೆಯುತ್ತಿದ್ದ ಕ್ರಮ ಹೀಗೆ. ಮೊದಲು ತಪಾಸಣೆ, ಮುಖ ತೊಳೆಯುವುದು, ಕಣ್ಣಿಗೆ ಹನಿ. ನಂತರ ಚುಚ್ಚುಮದ್ದು. ಕಣ್ಣು ಗುಡ್ಡೆಯ ಉದ್ದ ಸುಮಾರು 24 ಮಿಲಿಮೀಟರ್. ಅದರ ಕೆಳಬದಿಯಿಂದ, ಗುಡ್ಡೆಗೆ ತಾಗದಂತೆ ಸುಮಾರು ಮೂರೂವರೆ ಸೆಂಟಿಮೀಟರ್ ಉದ್ದದ ಸೂಜಿಯನ್ನು ಹಿಂಬದಿಗೆ ಸಾಗಿಸಿ ಎರಡರಿಂದ ನಾಲ್ಕು ಮಿಲಿಲೀಟರ್ ಮದ್ದು ಬಿಡುತ್ತಿದ್ದರು. ಕಣ್ಣು ಮಿಟುಕಿಸದಂತೆ ಮಾಡಲು ಕಪಾಲದ ಬದಿಯಲ್ಲಿ ಇನ್ನೊಂದು ಚುಚ್ಚು. ಆಮೇಲೆ ಮುಚ್ಚಿದ ರೆಪ್ಪೆಯ ಮೇಲೆ ಬೆರಳಿಟ್ಟು ಕೆಲವು ನಿಮಿಷ ಮೆಲ್ಲಗೆ ಒತ್ತುವುದು. ಇದರಿಂದ ಮದ್ದು ಹರಡುತ್ತದೆ, ಕಣ್ಣಿನ ಒತ್ತಡವೂ ಇಳಿಯುತ್ತದೆ. ಸ್ವಲ್ಪ ಹೊತ್ತಿಗೆ ನೋವೂ ಇಲ್ಲ, ಗುಡ್ಡೆಯ ಹೊರಳಾಟವೂ ಇಲ್ಲ. ರೋಗಿ ಮಾತ್ರ ಪೂರ್ಣ ಎಚ್ಚರ. ವೈದ್ಯರು ಹೇಳಿದ್ದು ಕೇಳಿಸುತ್ತದೆ, ಕೇಳಿದ್ದಕ್ಕೆ ಉತ್ತರಿಸಬಲ್ಲ. ವಾಂತಿಯ ಭಯವಿಲ್ಲ. ಕೆಲಸ ಮುಗಿದೊಡನೆ ಪಟ್ಟಿ ಕಟ್ಟಿ ಪಕ್ಕದ ಕೋಣೆಗೆ ಒಯ್ದು ಮಲಗಿಸಬಹುದು.

ಈಗ ನನ್ನ ಲೆಕ್ಕಕ್ಕೆ ಬರುತ್ತೇನೆ. ನಮ್ಮ ಕಂಪ್ಯೂಟರ್ ಕೆಲಸದಲ್ಲಿ ಒಂದು ನಿಯಮವಿದೆ. ಒಂದು ಕೆಲಸ ಮುಗಿಯಲು ಹಿಡಿಯುವ ಸಮಯ ಬೇರೆ, ಗಂಟೆಗೆ ಎಷ್ಟು ಕೆಲಸ ಮುಗಿಯುತ್ತದೆ ಎಂಬುದು ಬೇರೆ. ರೊಟ್ಟಿ ಬಡಿಯುವ ನಮ್ಮ ತಾಯಂದಿರಿಗೆ ಇದು ಗೊತ್ತಿರುವ ಮಾತೇ. ಒಂದು ರೊಟ್ಟಿ ಹಂಚಿನ ಮೇಲೆ ಬೇಯುವಾಗ ಮುಂದಿನದು ಕೈಯಲ್ಲಿರುತ್ತದೆ, ಅದರ ಮುಂದಿನ ಹಿಟ್ಟು ನಾದಿಟ್ಟಿರುತ್ತದೆ. ಚುಚ್ಚುಮದ್ದು ಹಿಡಿಯಲು ಐದೋ ಹತ್ತೋ ನಿಮಿಷ ಬೇಕು, ಹಿಡಿದ ಮೇಲೆ ಒಂದು ಗಂಟೆಯ ಹತ್ತಿರ ಉಳಿಯುತ್ತದೆ. ಆದ್ದರಿಂದ ಸಹಾಯಕರು ಮುಂದಿನ ಹತ್ತಾರು ಜನರನ್ನು ಸಿದ್ಧಮಾಡಿ ಇಟ್ಟಿರಬಹುದು. ವೈದ್ಯರು ಮಾಡಬೇಕಾದದ್ದು ಕೊಯ್ದು ಪೊರೆ ತೆಗೆಯುವ ಕೆಲಸ ಮಾತ್ರ. 104 ಸೆಕೆಂಡಿನ ಲೆಕ್ಕ ಹೊಂದುವುದು ಹೀಗೆ. ಪೂರ್ಣ ಅರಿವಳಿಕೆಯಲ್ಲಿ ಎಂಥ ಚುರುಕಿನ ಕೈ ಇದ್ದರೂ ಇದು ಆಗದ ಮಾತು. ಅಂದರೆ ಮೋದಿಯವರ ದಾಖಲೆಯ ಹಿಂದೆ ಅವರ ಕೈಚಳಕ ಎಷ್ಟಿದೆಯೋ, ಕಣ್ಣನ್ನಷ್ಟೇ ಮಲಗಿಸಿ ಮನುಷ್ಯನನ್ನು ಎಚ್ಚರವಿಟ್ಟ ಆ ಮದ್ದಿನ ಪಾಲೂ ಅಷ್ಟೇ ಇದೆ.

ಗಿನ್ನೆಸ್ ಪುಸ್ತಕ ಕೊಡುವ ಒಟ್ಟು ಲೆಕ್ಕ ಇನ್ನೂ ದೊಡ್ಡದು. 1943ರಿಂದ 1993ರ ಫೆಬ್ರವರಿಯವರೆಗೆ 46,120 ಹಳ್ಳಿಗಳು, 1 ಕೋಟಿ 21 ಲಕ್ಷಕ್ಕೂ ಹೆಚ್ಚು ರೋಗಿಗಳ ತಪಾಸಣೆ, 6,10,564 ಶಸ್ತ್ರಚಿಕಿತ್ಸೆ. ಐವತ್ತು ವರ್ಷ, ಹಬ್ಬ ಹುಣ್ಣಿಮೆ ಬಿಡದೆ, ದಿನಕ್ಕೆ ಸರಾಸರಿ 33 ಕಣ್ಣು. ಜನ ಅವರನ್ನು ಪ್ರೀತಿಯಿಂದ ಕಣ್ಣು ಕೊಟ್ಟ ಅಣ್ಣ ಎಂದು ಕರೆದರು. ಸರ್ಕಾರ 1956ರಲ್ಲಿ ಪದ್ಮಶ್ರೀಯನ್ನೂ 1968ರಲ್ಲಿ ಪದ್ಮಭೂಷಣವನ್ನೂ ನೀಡಿತು. ಬೆಂಗಳೂರಿನ ರಾಜಾಜಿನಗರದ ಕಡೆ ಅವರ ಹೆಸರಿನ ಕಣ್ಣಿನ ಆಸ್ಪತ್ರೆ ಇದೆ. ಅಲ್ಲಿಯ ಬಸ್ ನಿಲ್ದಾಣಕ್ಕೂ ಜನ ಮೋದಿ ಆಸ್ಪತ್ರೆ ಎಂದೇ ಹೇಳುತ್ತಾರೆ. ಕೆಲಸಕ್ಕೆಂದು ಬೆಂಗಳೂರಿಗೆ ಬಂದ ನಮ್ಮ ಹುಡುಗರು ದಿನಾ ಆ ಹೆಸರು ಕೇಳುತ್ತಾರೆ, ಆದರೆ ಯಾರದೆಂದು ಎಲ್ಲರಿಗೂ ತಿಳಿದಿಲ್ಲ.

ಶಿಬಿರದ ಮಿತಿಗಳು

ಹೊಗಳಿಕೆಯೊಂದನ್ನೇ ಬರೆದರೆ ಮುಂದಿನವರಿಗೆ ಉಪಯೋಗವಿಲ್ಲ. ಆ ಕಾಲದ ಶಸ್ತ್ರಚಿಕಿತ್ಸೆಗೆ ಮಿತಿಗಳಿದ್ದವು. ಕರಿಗುಡ್ಡೆಯ ಅಂಚಿನ ಸುಮಾರು ಅರ್ಧ ಸುತ್ತನ್ನು ಕೊಯ್ದು ಇಡೀ ಮಸೂರ ತೆಗೆಯುತ್ತಿದ್ದರು. ಬದಲಿಗೆ ಒಳಗೆ ಏನನ್ನೂ ಇಡುತ್ತಿರಲಿಲ್ಲ. ರೋಗಿ ದಿನಗಟ್ಟಲೆ ತಲೆ ಅಲುಗಿಸದೆ ಅಂಗಾತ ಮಲಗಬೇಕಿತ್ತು. ಆಮೇಲೆ ಜೀವನವಿಡೀ ಸೀಸೆಯ ತಳದಂಥ ದಪ್ಪ ಕನ್ನಡಕ. ಅದು ಒಡೆದರೆ ಮತ್ತೆ ಕತ್ತಲೆ. ಹೊಲದಲ್ಲಿ, ಜಾತ್ರೆಯಲ್ಲಿ ಕನ್ನಡಕ ಕಳೆದುಕೊಂಡು ಕುರುಡರಂತೆ ಉಳಿದವರು ಎಷ್ಟೋ ಮಂದಿ. ತಾತ್ಕಾಲಿಕ ಶಿಬಿರಗಳಲ್ಲಿ ಸೋಂಕು ತಗುಲಿ ಸಾಲುಸಾಲಾಗಿ ಕಣ್ಣು ಹೋದ ಪ್ರಸಂಗಗಳೂ ದೇಶದಲ್ಲಿ ನಡೆದಿವೆ.

1976ರಲ್ಲಿ ಕೇಂದ್ರ ಸರ್ಕಾರ ಅಂಧತ್ವ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮ ಆರಂಭಿಸಿತು. ಕಣ್ಣಿನೊಳಗೇ ಇಡುವ ಕೃತಕ ಮಸೂರ ಸಾಮಾನ್ಯರಿಗೂ ದೊರೆಯುವಂತಾಯಿತು. ಈಗ ಹಳ್ಳಿಯಲ್ಲಿ ತಪಾಸಣೆ ಮಾತ್ರ ನಡೆಯುತ್ತದೆ. ಶಸ್ತ್ರಚಿಕಿತ್ಸೆ ಬೇಕಾದವರನ್ನು ಬಸ್ಸಿನಲ್ಲಿ ಆಸ್ಪತ್ರೆಗೆ ಕರೆದೊಯ್ಯುತ್ತಾರೆ. ಇದು ಸರಿಯಾದ ಬದಲಾವಣೆ. ಆದರೆ ಜನ ಬಸ್ಸು ಹತ್ತಲು ಒಪ್ಪುವುದಕ್ಕೆ ಅಷ್ಟರಲ್ಲಿ ಹುಟ್ಟಿದ್ದ ನಂಬಿಕೆಯೂ ಕಾರಣ. ಪಕ್ಕದ ಮನೆಯವನು ಆಪರೇಷನ್ ಮಾಡಿಸಿಕೊಂಡು ಕೂಗಾಡದೆ ನಡೆದು ಬಂದನು ಎಂಬ ಮಾತು ನೂರು ಭಾಷಣಕ್ಕಿಂತ ಹೆಚ್ಚು. ಆ ನಂಬಿಕೆಯನ್ನು ಹಳ್ಳಿ ಹಳ್ಳಿಯಲ್ಲಿ ಬಿತ್ತಿದವರಲ್ಲಿ ಮೋದಿಯವರು ಮೊದಲಿಗರು.

ಇಂದಿನ ಆಯ್ಕೆಗಳು

ಭಯ ಮಾತ್ರ ಪೂರ್ತಿ ಹೋಗಿಲ್ಲ. ನಮ್ಮ ಮನೆಯದೇ ಉದಾಹರಣೆ ಹೇಳುತ್ತೇನೆ. ನನ್ನ ಅಜ್ಜಿ ಹಡಗಲಿ ಮಲ್ಲಿಗೆ ಕಟ್ಟುವವಳು. ಮೊಗ್ಗು ಜೋಡಿಸಿ ಗಂಟು ಹಾಕುವ ಬೆರಳಿಗೆ ಕಣ್ಣು ಬೇಕಿಲ್ಲ. ಆದ್ದರಿಂದ ಅವಳಿಗೆ ಎರಡೂ ಕಣ್ಣು ಮಸುಕಾದದ್ದು ಮನೆಯವರಿಗೆ ತಡವಾಗಿ ತಿಳಿಯಿತು. ತಿಳಿದ ಮೇಲೂ ಮೂರು ವರ್ಷ ಅವಳು ಒಪ್ಪಲಿಲ್ಲ. ಕಣ್ಣಿಗೇ ಸೂಜಿ ಚುಚ್ಚುತ್ತಾರಂತೆ ಎಂಬುದು ಅವಳ ಒಂದೇ ಮಾತು. ಆ ಮೂರು ವರ್ಷದಲ್ಲಿ ಹುಟ್ಟಿದ ಮರಿಮಗಳನ್ನು ಅವಳು ಕೈಯಿಂದ ಸವರಿಯೇ ನೋಡಿದಳು. ಕೊನೆಗೆ ವೈದ್ಯರು ಕೂತು, ಸೂಜಿ ಗುಡ್ಡೆಗೆ ಚುಚ್ಚುವುದಿಲ್ಲ, ಅದರ ಪಕ್ಕದ ಸಂದಿಗೆ ಎಂದು ಬಿಡಿಸಿ ಹೇಳಿದರು. ಆಪರೇಷನ್ ಆದ ಮೇಲೆ ಅವಳಿಗೆ ನೆನಪಿದ್ದದ್ದು ಇರುವೆ ಕಚ್ಚಿದಷ್ಟು ನೋವು, ಹೆಬ್ಬೆರಳಿನಿಂದ ಒತ್ತಿದಂಥ ಭಾರ, ಅಷ್ಟೇ.

ಹಾಗಾಗಿ ಇಂದಿನ ದಾರಿಗಳನ್ನು ಎಲ್ಲರೂ ತಿಳಿದಿರುವುದು ಒಳ್ಳೆಯದು. ಮೊದಲನೆಯದು ಬರೀ ಹನಿ. ಸೂಜಿಯೇ ಇಲ್ಲ. ಎರಡು ಮೂರು ಮಿಲಿಮೀಟರ್ ಕೊಯ್ತದಲ್ಲಿ ಯಂತ್ರದಿಂದ ಪೊರೆ ಪುಡಿಮಾಡಿ ಹೀರುವ ಫೇಕೋ ವಿಧಾನಕ್ಕೆ ಇದು ಹೊಂದುತ್ತದೆ. ಆದರೆ ಗುಡ್ಡೆ ಹೊರಳುವುದು ನಿಲ್ಲುವುದಿಲ್ಲ, ಆದ್ದರಿಂದ ರೋಗಿ ದೀಪವನ್ನೇ ನೋಡುತ್ತ ಸುಮ್ಮನೆ ಮಲಗಬೇಕು. ಎರಡನೆಯದು, ಹನಿ ಹಾಕಿ ಬಿಳಿಗುಡ್ಡೆಯ ಮೇಲ್ಪೊರೆಯಲ್ಲಿ ಸಣ್ಣ ತೂತು ಮಾಡಿ ಮೊಂಡ ನಳಿಗೆಯಿಂದ ಮದ್ದು ಬಿಡುವುದು. ಚೂಪು ಸೂಜಿ ಒಳಗೆ ಹೋಗದ ಕಾರಣ ಅಪಾಯ ಕಡಿಮೆ. ಮೂರನೆಯದು, ಗುಡ್ಡೆಯ ಸುತ್ತಲಿನ ಜಾಗಕ್ಕೆ ಚುಚ್ಚುಮದ್ದು. ಗುಡ್ಡೆಯ ಹಿಂದಕ್ಕೆ ಆಳವಾಗಿ ಚುಚ್ಚುವ ಹಳೆಯ ಕ್ರಮದಲ್ಲಿ ಅಪರೂಪಕ್ಕೆ ರಕ್ತಸ್ರಾವ, ಗುಡ್ಡೆಗೆ ಅಥವಾ ದೃಷ್ಟಿನರಕ್ಕೆ ಗಾಯ ಆಗುತ್ತಿದ್ದದ್ದರಿಂದ 1980ರ ದಶಕದಿಂದ ಈ ಕ್ರಮ ಬಳಕೆಗೆ ಬಂತು. ಯಂತ್ರವಿಲ್ಲದೆ, ಕಡಿಮೆ ಖರ್ಚಿನಲ್ಲಿ, ಸಣ್ಣ ಕೊಯ್ತದಿಂದ ಗಟ್ಟಿಯಾದ ಪೊರೆ ತೆಗೆಯುವಾಗ ಹೆಚ್ಚಾಗಿ ಎರಡನೆಯ ಅಥವಾ ಮೂರನೆಯ ದಾರಿ ಹಿಡಿಯುತ್ತಾರೆ. ನಾಲ್ಕನೆಯದು ಪೂರ್ಣ ಅರಿವಳಿಕೆ. ಅದು ಪೊರೆ ಬಂದ ಸಣ್ಣ ಮಕ್ಕಳಿಗೆ, ಹೇಳಿದ್ದು ತಿಳಿಯದ ಸ್ಥಿತಿಯಲ್ಲಿರುವವರಿಗೆ, ಮಲಗಿ ಅಲುಗಾಡದೆ ಇರಲು ಆಗದವರಿಗೆ.

ಯಾರಿಗೆ ಯಾವುದು ಎಂದು ತೀರ್ಮಾನಿಸುವವರು ವೈದ್ಯರು. ಆದರೆ ಅವರಿಗೆ ಸರಿಯಾದ ಮಾಹಿತಿ ಕೊಡಬೇಕಾದವರು ನಾವು. ರಕ್ತ ತೆಳುಮಾಡುವ ಮಾತ್ರೆ ನುಂಗುತ್ತಿದ್ದರೆ ಹೇಳಬೇಕು, ಸೂಜಿಯ ಆಯ್ಕೆಯೇ ಅದರಿಂದ ಬದಲಾಗಬಹುದು. ನಾವೇ ಮಾತ್ರೆ ನಿಲ್ಲಿಸಿ ಹೋಗಬಾರದು. ಬಿಡದ ಕೆಮ್ಮು, ಉಬ್ಬಸ, ಕೈ ತಲೆ ನಡುಗುವುದು, ಕಿವಿ ಕೇಳದಿರುವುದು, ಅಂಗಾತ ಮಲಗಲು ಆಗದಿರುವುದು, ಹಿಂದೆ ಯಾವುದಾದರೂ ಮದ್ದು ಒಗ್ಗದಿದ್ದದ್ದು, ಇವೆಲ್ಲ ಹೇಳಬೇಕಾದ ಮಾತುಗಳು. ಗಂಡಸರು ಮೂತ್ರದ ತೊಂದರೆಗೆ ಟ್ಯಾಮ್ಸುಲೋಸಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಹೇಳಬೇಕು, ಅದು ಕಣ್ಣಿನ ಪಾಪೆಯನ್ನು ಸಡಿಲಗೊಳಿಸುತ್ತದೆ. ಭಯವಾಗುತ್ತಿದ್ದರೆ ಭಯವಾಗುತ್ತಿದೆ ಎಂದೂ ಹೇಳಬೇಕು. ಅದಕ್ಕೂ ಉಪಾಯವಿದೆ. ಕೈ ಹಿಡಿದು ಮಾತಾಡಿಸುವ ನರ್ಸ್ ಒಬ್ಬರಿದ್ದರೆ ಎಷ್ಟೋ ಧೈರ್ಯ ಬರುತ್ತದೆ, ಬೇಕಾದರೆ ಮನಸ್ಸು ಶಾಂತವಾಗಿಸುವ ಮದ್ದೂ ಕೊಡುತ್ತಾರೆ.

ಮೋದಿಯವರು 2005ರ ನವೆಂಬರಿನಲ್ಲಿ ತೀರಿಕೊಂಡರು. ಅವರು ಶಿಬಿರ ನಡೆಸಿದ ರೀತಿ ಇಂದು ಬಳಕೆಯಲ್ಲಿಲ್ಲ, ಅವರ ಕಾಲದ ಕೊಯ್ತವೂ ಕನ್ನಡಕವೂ ಹಳೆಯವಾಗಿವೆ. ಉಳಿದಿರುವುದು ಅವರು ಹಾಕಿಕೊಟ್ಟ ಪ್ರಶ್ನೆ. ಪಟ್ಟಣದಲ್ಲಿ ದೊರೆಯುವ ನೋವಿಲ್ಲದ ಚಿಕಿತ್ಸೆ ಹಳ್ಳಿಯ ಬಡವನಿಗೆ ಯಾಕೆ ದೊರೆಯಬಾರದು ಎಂಬ ಪ್ರಶ್ನೆ. ಔಷಧಿ ಕಂಡುಹಿಡಿದವರು ಬೇರೆ ದೇಶದವರು. ಅದನ್ನು ಹೆಗಲಿಗೆ ಹಾಕಿಕೊಂಡು ಹಳ್ಳಿಗೆ ನಡೆದದ್ದು ಬೀಳಗಿಯ ಈ ವೈದ್ಯರು.

ನಮ್ಮ ಶಾಲೆಯಲ್ಲಿ ಓದಿ ಇಂದು ಬೇರೆ ಬೇರೆ ಊರುಗಳಲ್ಲಿರುವ ಗೆಳೆಯರಲ್ಲಿ ನನ್ನದೊಂದು ವಿನಂತಿ. ಮುಂದಿನ ಬಾರಿ ಊರಿಗೆ ಬಂದಾಗ ಮನೆಯ ಹಿರಿಯರ ಒಂದು ಕಣ್ಣು ಮುಚ್ಚಿಸಿ ಇನ್ನೊಂದರಿಂದ ಗೋಡೆಯ ಕ್ಯಾಲೆಂಡರ್ ಓದಿಸಿ ನೋಡಿ. ಓದು ಬಾರದವರಾದರೆ ಅಂಗಳದ ಆಚೆ ನಿಂತು ಬೆರಳು ತೋರಿಸಿ ಎಣಿಸಲು ಹೇಳಿ. ಆಮೇಲೆ ಇನ್ನೊಂದು ಕಣ್ಣು. ಕಾಣದಿದ್ದರೆ ಬಯ್ಯಬೇಡಿ, ಅವರು ಯಾವುದಕ್ಕೆ ಹೆದರುತ್ತಿದ್ದಾರೆ ಎಂದು ಮೊದಲು ಕೇಳಿ, ನಂತರ ಜೊತೆಗೇ ಕರೆದುಕೊಂಡು ಹೋಗಿ. ಶಾಲೆಯ ಐವತ್ತನೆಯ ವರ್ಷದಲ್ಲಿ ಪ್ರತಿ ಮನೆಯಲ್ಲೂ ಇಷ್ಟು ನಡೆದರೆ ಆ ಹಿರಿಯರ ಹೆಸರನ್ನು ಇಲ್ಲಿ ನೆನೆದದ್ದಕ್ಕೆ ಅರ್ಥ ಬರುತ್ತದೆ.